ಆಯಿಲ್ ಪ್ರೆಷರ್ ಕಡಿಮೆ ಅಂದರೆ ಪಂಪ್ ಕೆಟ್ಟಿದೆ ಅಂತಲೇ ಅಲ್ಲ: ನನ್ನ ಟಿಪ್ಪಣಿ

ಕಳೆದ ವಾರ ನಾನು ಕೆಲಸ ಕಲಿಯುತ್ತಿರುವ ಗ್ಯಾರೇಜಿಗೆ ಒಂದು ಪೆಟ್ರೋಲ್ ಕಾರು ಬಂತು. ಇಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಕೆಂಪು ಆಯಿಲ್ ಲೈಟ್ ಮಿಣುಕುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು. ನಾನು ತಕ್ಷಣ "ಪಂಪ್ ಹೋಗಿದೆ" ಅಂದೆ. ತಪ್ಪು. ಯಾಕೆ ತಪ್ಪು ಅನ್ನೋದು ತಲೆಗೆ ಹತ್ತಲು ಎರಡು ದಿನ ಬೇಕಾಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಲೈಟ್ ಹೇಳುವುದು ಏನು?

ಆ ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಪ್ರೆಷರ್ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಿದ್ದರೆ ಮಾತ್ರ ಉರಿಯುತ್ತದೆ. ಅಂದರೆ ಅದು ಉರಿಯುವ ಹೊತ್ತಿಗೆ ಪ್ರೆಷರ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಓಡಿಸುವಾಗ ಹತ್ತಿಕೊಂಡರೆ ಗಾಡಿ ಪಕ್ಕಕ್ಕೆ ಹಾಕಿ ಆಗಲೇ ಇಂಜಿನ್ ಆಫ್ ಮಾಡಬೇಕು. "ಮನೆ ಹತ್ತಿರವೇ ಇದೆ" ಅಂತ ಓಡಿಸಬಾರದು.

ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಜಾಸ್ತಿ ಇದ್ದರೆ ಆಯಿಲ್ ತೆಳುವಾಗಿದೆ, ಬದಲಾಯಿಸಬೇಕು. ಆಮೇಲೆ ಇಂಜಿನ್ ಮೇಲಿರುವ, ಈ ಲೈಟ್ ಹೊತ್ತಿಸುವ ಆಯಿಲ್ ಪ್ರೆಷರ್ ಸ್ವಿಚ್‌ನ ವೈರ್ ಕಳಚಿ. ಲೈಟ್ ಆಗಲೂ ಉರಿಯುತ್ತಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ಇಂಜಿನ್ ತಪ್ಪಲ್ಲ. ಆರಿದರೆ ಸ್ವಿಚ್ ಕೆಟ್ಟಿರಬಹುದು ಅಥವಾ ನಿಜವಾಗಿಯೂ ಪ್ರೆಷರ್ ಇಲ್ಲದಿರಬಹುದು. ಎರಡರಲ್ಲಿ ಯಾವುದು ಅಂತ ಪ್ರೆಷರ್ ಅಳೆಯುವ ಗೇಜ್ ಮಾತ್ರ ಹೇಳುತ್ತದೆ. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ಹಾಕಬೇಕು.

ನಮ್ಮ ಕಾರಿನ ಲೆಕ್ಕ ಹೀಗಿತ್ತು. ತಣ್ಣಗಿರುವಾಗ ಐಡ್ಲಿಂಗ್‌ನಲ್ಲಿ 3 ಬಾರ್. ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 0.4. ಬಿಸಿಯಲ್ಲೇ 3000 ಆರ್‌ಪಿಎಂಗೆ 1.5. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್ ಇರಬೇಕು ಅನ್ನೋದು ಗ್ಯಾರೇಜಿನ ಅಂದಾಜು. ಆ ಇಂಜಿನ್‌ನ ಪುಸ್ತಕದಲ್ಲಿರುವುದೇ ಕೊನೆಯ ಮಾತು.

ನಾನು ಸಿಕ್ಕಿಹಾಕಿಕೊಂಡ ಜಾಗ

ಪಂಪ್ ಪ್ರೆಷರ್ ಹುಟ್ಟಿಸುತ್ತದೆ ಅಂತ ನಾನು ನಂಬಿದ್ದೆ. ಹಾಗಲ್ಲ. ಪಂಪ್ ಆಯಿಲನ್ನು ತಳ್ಳುತ್ತದೆ, ಅಷ್ಟೇ. ಆಯಿಲ್ ಹೊರಹೋಗುವ ದಾರಿ ಇಕ್ಕಟ್ಟಾಗಿದ್ದರೆ ಪ್ರೆಷರ್ ಏರುತ್ತದೆ. ದಾರಿ ಅಗಲವಾದರೆ ಅದೇ ಪಂಪ್, ಅದೇ ಆಯಿಲ್, ಪ್ರೆಷರ್ ಮಾತ್ರ ಇಲ್ಲ.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವುದನ್ನು ನೆನೆಸಿಕೊಂಡ ಮೇಲೆ ನನಗೆ ಇದು ಅರ್ಥವಾಯಿತು. ನಾಲ್ಕು ಜೆಟ್ ಚೆನ್ನಾಗಿ ತಿರುಗುತ್ತಿರುತ್ತವೆ. ಇನ್ನೆರಡರ ಗೇಟ್‌ವಾಲ್ವ್ ತೆಗೆದರೆ ಎಲ್ಲವೂ ಸೊರಗುತ್ತವೆ, ತುದಿಯದ್ದು ಸುಮ್ನೆ ಜಿನುಗುತ್ತದೆ. ಮೋಟರ್ ಕೆಟ್ಟಿಲ್ಲ, ನೀರು ಹೋಗುವ ಬಾಯಿ ಜಾಸ್ತಿಯಾಗಿದೆ. ಇಂಜಿನ್‌ನಲ್ಲಿ ಆ ಬಾಯಿಗಳೇ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಮತ್ತು ಅದು ಕೂರುವ ಬೇರಿಂಗ್ ನಡುವಿನ ಸಂದು. ತುದಿಯ ಜೆಟ್ ಅಂದರೆ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್. ಪ್ರೆಷರ್ ಬಿದ್ದಾಗ ಮೇಲಿನಿಂದ ಟಕಟಕ ಅನ್ನುವ ಟ್ಯಾಪೆಟ್ ಸದ್ದು ಬರುವುದು ಅದಕ್ಕೇ.

ಇನ್ನೂ ಒಂದು ಲೆಕ್ಕ ಇದೆ. ಸೋರಿಕೆ ಸಂದಿನ ಅಳತೆಯ ಘನಕ್ಕೆ (ಕ್ಯೂಬ್) ತಕ್ಕಂತೆ ಏರುತ್ತದೆ. ಒಂದೇ ಪ್ರೆಷರ್‌ನಲ್ಲಿ 0.03 ಮಿ.ಮೀ. ಸಂದು 0.06 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು! ಕೂದಲಿಗಿಂತ ಸಣ್ಣ ಸವೆತಕ್ಕೆ ಇಷ್ಟೊಂದು ಆಗುತ್ತಾ ಅನ್ನುವ ಸಂಶಯ ಇಲ್ಲಿ ತೀರಿತು.

ತಣ್ಣಗಿರುವಾಗ ಯಾಕೆ ಸರಿ ಇತ್ತು? 40 ಡಿಗ್ರಿಯಲ್ಲಿ 5ಡಬ್ಲ್ಯೂ-30 ಗ್ರೇಡಿನ ಆಯಿಲ್ 100 ಡಿಗ್ರಿಗಿಂತ ಐದಾರು ಪಟ್ಟು ಗಟ್ಟಿ. ದೊಡ್ಡ ಸಂದಿನಲ್ಲೂ ಅದು ಸಲೀಸಾಗಿ ಜಾರುವುದಿಲ್ಲ. ಬಿಸಿಯಾದರೆ ತೆಳುವಾಗಿ ಸುರಿದುಹೋಗುತ್ತದೆ. ಐಡ್ಲಿಂಗ್‌ನಲ್ಲಿ ಪಂಪ್ ನಿಧಾನಕ್ಕೆ ತಿರುಗುತ್ತದೆ, ಸೋರಿದಷ್ಟು ತುಂಬಲು ಆಗುವುದಿಲ್ಲ. ಹಾಗಾಗಿ ತಣ್ಣಗೆ ಸರಿ, ಬಿಸಿ ಐಡ್ಲಿಂಗ್‌ನಲ್ಲಿ ಕಡಿಮೆ, ರೇಸ್ ಮಾಡಿದರೆ ಏರಿಕೆ: ಹೀಗೆ ಕಂಡರೆ ಮೊದಲ ಅನುಮಾನ ಬೇರಿಂಗ್ ಮೇಲೆ. ಪ್ರೆಷರ್ ಮಿತಿಮೀರಿದಾಗ ಆಯಿಲನ್ನು ವಾಪಸ್ ಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ತಣ್ಣಗಿರುವಾಗಲೂ ಕಡಿಮೆಯೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಪರವಾಗಿಲ್ಲ, ರೇಸ್ ಮಾಡಿದರೆ ಬೀಳುತ್ತದೆ ಅಂದರೆ ಪಂಪ್ ಆಯಿಲ್ ಹೀರುವ ಬಾಯಿಯ ಜಾಲರಿ, ಅಂದರೆ ಸ್ಟ್ರೈನರ್ ಕಟ್ಟಿರಬಹುದು.

ಹಂಪ್‌ಗೆ ಬಡಿದು ಚೇಂಬರ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಒಳಕ್ಕೆ ಹೋಗಿದೆಯಾ ಅಂತಲೂ ಕೆಳಗೆ ಮಲಗಿ ನೋಡಿ. ತಗ್ಗಾದ ಚೇಂಬರ್ ಸ್ಟ್ರೈನರ್‌ನ ಬಾಯಿಗೆ ಒತ್ತಿದರೆ ಪಂಪ್‌ಗೆ ಆಯಿಲ್ ಸಿಗುವುದಿಲ್ಲ. ಡಿಪ್‌ಸ್ಟಿಕ್ ಮಾತ್ರ ಎಲ್ಲ ಸರಿ ಅನ್ನುತ್ತಿರುತ್ತದೆ.

ಚೇಂಬರ್ ಬಿಚ್ಚಿದಾಗ

ಸ್ಟ್ರೈನರ್ ಶುದ್ಧವಾಗಿತ್ತು. ಪಂಪ್ ಒಳಗೆ ತಿರುಗುವ ರೋಟರ್‌ಗಳ ಸಂದು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ತಗಡು) ಮಿತಿಯೊಳಗೇ ಇತ್ತು. ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕ್‌ಗೆ ಹಿಡಿದಿಡುವ ಬಿಗ್ ಎಂಡ್ ಕ್ಯಾಪ್ ತೆಗೆದಾಗ ಬೇರಿಂಗ್‌ನ ಬೂದು ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು.

ಸಂದು ಅಳೆಯಲು ಪ್ಲಾಸ್ಟಿಗೇಜ್ ಬಳಸಿದೆವು. ಮೇಣದ ಬತ್ತಿಯ ಎಳೆಯಂಥ ದಾರ ಅದು. ಆಯಿಲ್ ಒರೆಸಿ ಕ್ರ್ಯಾಂಕ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕ್‌ಗೆ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಬೇಕು. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಇಲ್ಲಿ ಮತ್ತೊಂದು ಗೊಂದಲ: ದಾರ ಅಗಲವಾಗಿ ಹರಡಿದರೆ ಸಂದು ಕಡಿಮೆ, ಕಿರಿದಾಗಿಯೇ ಉಳಿದರೆ ಸಂದು ಜಾಸ್ತಿ. ರೊಟ್ಟಿ ಗಟ್ಟಿಯಾಗಿ ಒತ್ತಿದಷ್ಟು ಅಗಲ ಆಗುತ್ತದೆ ಅಲ್ವಾ, ಹಾಗೆ. ಹಸಿರು ದಾರ 0.025ರಿಂದ 0.076 ಮಿ.ಮೀ. ತನಕ ಅಳೆಯುತ್ತದೆ. ನಮ್ಮದು ಸರಿಯಾಗಿ ಒತ್ತಿಕೊಳ್ಳಲೇ ಇಲ್ಲ. ಕೆಂಪು ದಾರ ಹಾಕಿದಾಗ 0.1ರ ಹತ್ತಿರ ತೋರಿಸಿತು. ಪುಸ್ತಕದ ಮಿತಿ 0.065.

ಮಾಲೀಕರು "20ಡಬ್ಲ್ಯೂ-50 ಹಾಕಿ ಲೈಟ್ ಆರಿಸಿಕೊಡಿ" ಅಂದರು. ಮೇಸ್ತ್ರಿ ಒಪ್ಪಲಿಲ್ಲ, ನನಗೂ ಅದೇ ಸರಿ ಅನ್ನಿಸಿತು. ಗಟ್ಟಿ ಆಯಿಲ್ ಹಾಕಿದರೆ ಲೈಟ್ ಆರುತ್ತದೆ, ಬೇರಿಂಗ್ ಸವೆಯುತ್ತಲೇ ಇರುತ್ತದೆ. ಹೊಸ ಪಂಪ್ ಹಾಕಿದ್ದರೂ ದುಡ್ಡು ದಂಡ.

ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಟ್ಟು, ಉಜ್ಜಿ ಸಣ್ಣದಾದ ಕ್ರ್ಯಾಂಕ್‌ಗೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಕೂರಿಸಿದೆವು. ಜೋಡಿಸಿದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಲಿಲ್ಲ, ಮೊದಲು ಬೇರಿಂಗ್‌ಗೆ ಆಯಿಲ್ ತಲುಪಲಿ ಅಂತ. ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದು, ಪ್ಲಗ್ ಬಿಚ್ಚಿ, ಗೇಜ್‌ನ ಮುಳ್ಳು ಏಳುವ ತನಕ ಸೆಲ್ಫ್ ಹೊಡೆದೆವು, ನಡುನಡುವೆ ಬಿಟ್ಟು ಬಿಟ್ಟು. ಸಂಜೆ ಬಿಸಿ ಇಂಜಿನ್‌ನಲ್ಲಿ ಗೇಜ್ ನೋಡಿದಾಗ ಐಡ್ಲಿಂಗ್ 1.3, 3000ಕ್ಕೆ 3.4 ಬಾರ್. ಪಂಪ್ ಹಳೆಯದೇ.