ಲಾಸ್ ಚೇಸಿಂಗ್ ಅಂದ್ರೇನು? "ಅಸಲು ಬಂದ್ರೆ ಸಾಕು, ಆಮೇಲ್ ಮುಟ್ಟಲ್ಲ" ಅನ್ನೋ ಮಾತಿನ ಹಿಂದಿರೋ ಕಥೆ

ಜೂಜಲ್ಲಿ ಹೋಗಿರೋ ದುಡ್ಡನ್ನ ಜೂಜಾಡಿನೇ ವಾಪಸ್ ತರಬೇಕು ಅಂತ ಮತ್ತೆ ಮತ್ತೆ ಹೋಗ್ತಾರಲ್ಲ, ಅದಕ್ಕೆ ಲಾಸ್ ಚೇಸಿಂಗ್ ಅಂತಾರೆ. ನಮ್ ಮಂಡ್ಯ ಮೈಸೂರ್ ಕಡೆ ಆ ಹೆಸರು ಯಾರೂ ಹೇಳಲ್ಲ, "ಲಾಸ್ ಕವರ್ ಮಾಡ್ಬೇಕು", "ಹೋಗಿರೋದನ್ನ ಎತ್ಬೇಕು", "ಅಸಲು ಬಂದ್ರೆ ಸಾಕು ಗುರು, ಆಮೇಲ್ ಮುಟ್ಟಲ್ಲ" ಅಂತಾರೆ ಅಷ್ಟೇ. ಯುಗಾದಿ ದಿನ ಅರಳಿಕಟ್ಟೆ ಹತ್ರ ಅಂದರ್ ಬಾಹರ್ ಆಡೋಕೆ ಕೂತವರ ಬಾಯಲ್ಲೂ ಇದೇ ಮಾತು, ಐಪಿಎಲ್ ಟೈಮಲ್ಲಿ ವಾಟ್ಸಾಪಲ್ಲಿ ಬೆಟ್ಟಿಂಗ್ ಐಡಿ ತಗೊಂಡು ಬಾಲ್ ಬಾಲ್‌ಗೂ ದುಡ್ಡು ಕಟ್ಟೋ ಹುಡುಗರ ಬಾಯಲ್ಲೂ ಇದೇ ಮಾತು.

ಇದನ್ನ ಬೇರೆಯಾಗಿ ಯಾಕೆ ತಿಳ್ಕೋಬೇಕು ಅಂದ್ರೆ, ಜೂಜಿಂದ ಮನೆ ಹಾಳಾಯ್ತು ಅಂತ ನಾವು ಹೇಳ್ತೀವಲ್ಲ, ಆ ಮನೆ ಮೊದಲನೇ ಸೋಲಿಗೆ ಹಾಳಾಗಿರೋದು ಬಹಳ ಕಮ್ಮಿ. ಎರಡ್ ಸಾವಿರ ಮೂರ್ ಸಾವಿರ ಹೋದ್ರೆ ಹೊಟ್ಟೆ ಉರಿಯುತ್ತೆ, ಮನೇಲಿ ಒಂದ್ ಜಗಳ ಆಗುತ್ತೆ, ಮುಗೀತು. ಕಬ್ಬಿನ ದುಡ್ಡು ಅಕೌಂಟಿಗೆ ಬಿದ್ದ ವಾರದಲ್ಲೇ ಖಾಲಿ ಆಗೋದು, ಹೆಂಡ್ತಿ ಒಡವೆ ಗಿರವಿ ಅಂಗಡಿ ಸೇರೋದು, ಮೀಟರ್ ಬಡ್ಡಿಯವನು ಮನೆ ಮುಂದೆ ಬಂದ್ ನಿಲ್ಲೋದು ಎಲ್ಲಾ ಆ ಮೂರ್ ಸಾವಿರ ಎತ್ತೋಕೆ ಹೋದಾಗ.

ಹೆನ್ರಿ ಲೆಸಿಯೂರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ಜೂಜುಕೋರರನ್ನ ಮಾತಾಡಿಸ್ಕೊಂಡು ಓಡಾಡಿ, ಇವರ ಬದುಕಿನ ನಡುಗಂಬನೇ ಈ ಚೇಸಿಂಗ್, ಅಂದ್ರೆ ಸೋಲನ್ನ ಬೆನ್ನಟ್ಟೋದು ಅಂತ ಬರೆದ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಮೊದಲ ಸಲ ಜೂಜಿನ ಗೀಳನ್ನ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸ್ತು, 2013ರಲ್ಲಿ ಅದನ್ನ ಕುಡಿತ, ಡ್ರಗ್ಸ್ ಇರೋ ಅಧ್ಯಾಯಕ್ಕೇ ತಂದು ಹಾಕ್ತು. ಅಂದ್ರೆ ಏನೂ ಕುಡೀದೆ ಏನೂ ಸೇದದೆ ಬರೋ ಚಟ. ಆ ಪಟ್ಟಿಲಿ ಒಂಬತ್ತು ಲಕ್ಷಣ ಇದಾವೆ, ಒಂದ್ ವರ್ಷದಲ್ಲಿ ನಾಕು ಕಾಣಿಸ್ಕೊಂಡ್ರೆ ಕಾಯಿಲೆ ಅಂತ ಲೆಕ್ಕ. ಜೂಜಿನ ವಿಷ್ಯ ಮುಚ್ಚಿಡೋಕೆ ಸುಳ್ಳು ಹೇಳೋದು ಅದರಲ್ಲೊಂದು, ದುಡ್ಡಿನ ಕಷ್ಟ ಬಿದ್ದಾಗ ಬೇರೆಯವರ ಹತ್ರ ಕೈ ಚಾಚೋದು ಇನ್ನೊಂದು, ಬಿಡೋಕ್ ಹೋದ್ರೆ ಸಿಡಿಮಿಡಿ ಆಗೋದು ಮತ್ತೊಂದು. ಚೇಸಿಂಗ್ ಕೂಡ ಅದರಲ್ಲಿದೆ, ಆದ್ರೆ ಅಲ್ಲಿ ಬರೆದಿರೋದನ್ನ ಗಮನಿಸಿ: ಕಳ್ಕೊಂಡ್ಮೇಲೆ "ಇನ್ನೊಂದು ದಿನ" ವಾಪಸ್ ಬರೋದು ಅಂತಿದೆ.

ಈ ವ್ಯತ್ಯಾಸ ಸಣ್ಣದಲ್ಲ. ಕೂತ ಜಾಗದಲ್ಲೇ ಬಿಸಿ ತಲೇಲಿ ಇನ್ನೆರಡು ಆಟ ಜಾಸ್ತಿ ಆಡೋದು ಒಂದು ಥರ, ಇದು ವರ್ಷಕ್ಕೊಂದ್ಸಲ ಹಬ್ಬಕ್ಕೆ ಎಲೆ ಹಿಡಿಯೋರೂ ಮಾಡ್ತಾರೆ. ರಾತ್ರಿ ಮನೆಗ್ ಹೋಗಿ, ಮಲಗಿ, ಬೆಳಗ್ಗೆ ಎದ್ದು, ತಲೆ ತಣ್ಣಗಿರೋವಾಗ್ಲೇ "ನಿನ್ನೇದು ಎತ್ಬೇಕು" ಅಂತ ದುಡ್ಡು ಹೊಂಚೋಕೆ ಹೊರಡೋದು ಇನ್ನೊಂದು ಥರ. ಡಾಕ್ಟ್ರಿಗೆ ಗಾಬರಿ ಆಗೋದು ಎರಡನೇದಕ್ಕೆ, ಯಾಕಂದ್ರೆ ಅಲ್ಲಿ ಆಟದ ಖುಷಿ ಹೋಗಿ ಅದೊಂದು ಡ್ಯೂಟಿ ಥರ ಆಗಿರುತ್ತೆ.

ಇನ್ನು ಬುದ್ಧಿವಂತರೂ ಯಾಕೆ ಇದಕ್ಕೆ ಬೀಳ್ತಾರೆ? ಕಾನೆಮನ್ ಮತ್ತೆ ಟ್ವೆರ್ಸ್ಕಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಲೇಖನ ಬರೆದ್ರು, ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಈ ಥರದ ಕೆಲಸಕ್ಕೇ. ನೂರು ರೂಪಾಯಿ ಬಂದಾಗ ಆಗೋ ಖುಷಿಗಿಂತ ನೂರು ರೂಪಾಯಿ ಹೋದಾಗ ಆಗೋ ಸಂಕಟ ದೊಡ್ಡದು, ಆಮೇಲಿನ ಅವರದ್ದೇ ಅಂದಾಜಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹೋದದ್ದು ಹೋಯ್ತು ಅಂತ ಒಪ್ಕೊಳ್ದೆ ಇರೋ ಮನುಷ್ಯ ಬೇರೆ ಟೈಮಲ್ಲಿ ಕಣ್ಣೆತ್ತೂ ನೋಡದಂಥ ಬಾಜಿಗೂ ಹೂಂ ಅಂತಾನೆ ಅಂತ ಅದರಲ್ಲಿ ಬರೆದಿದ್ರು. ಉದಾಹರಣೆಗೆ ಅವರು ಎತ್ಕೊಂಡಿದ್ದು ಕುದುರೆ ರೇಸನ್ನ: ದಿನ ಕಳೀತಾ ಕಳೀತಾ ಗೆಲ್ಲೋ ಚಾನ್ಸ್ ತೀರಾ ಕಮ್ಮಿ ಇರೋ ಕುದುರೆಗಳ ಮೇಲೆ ಜನ ಜಾಸ್ತಿ ದುಡ್ಡು ಕಟ್ತಾ ಹೋಗ್ತಾರೆ ಅಂತ. ಚಾಮುಂಡಿ ಬೆಟ್ಟದ ಬುಡದಲ್ಲಿರೋ ನಮ್ ರೇಸ್ ಕೋರ್ಸ್‌ಗೆ ಹೋಗಿ ಬಂದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಬೆಳಗ್ಗೆಯಿಂದ ಸೋತವನಿಗೆ ಕೊನೇ ರೇಸಲ್ಲಿ ಫೇವರಿಟ್ ಕುದುರೆ ಗೆದ್ರೆ ಚಿಲ್ಲರೆ ಬರುತ್ತೆ, ಅದರಿಂದ ಗುಂಡಿ ತುಂಬಲ್ಲ, ಹಂಗಾಗಿ ಒಂದಕ್ಕೆ ಮೂವತ್ತು ಕೊಡೋ ಕುದುರೇನೇ ಕಣ್ಣಿಗೆ ಬೀಳೋದು.

ಆದ್ರೂ ರೇಸಿಗೆ ಒಂದು ಕೊನೇ ರೇಸ್ ಅಂತ ಇದೆ, ಮಧ್ಯೆ ಟೀ ಕುಡಿಯೋಷ್ಟು ಬಿಡುವೂ ಇದೆ, ಯುಗಾದಿ ಜೂಜಿಗೂ ಹೊಸತೊಡಕು ಆಗ್ತಿದ್ದಂಗೆ ಎಲೆ ಎತ್ತಿಡ್ತಾರೆ (ಹಂಗಂತ ಹಳೇ ಜೂಜು ಸಾಧು ಅಂತ ನಾನ್ ಹೇಳ್ತಿಲ್ಲ, ಒಂದೇ ರಾತ್ರೀಲಿ ಗದ್ದೆ ಕಳ್ಕೊಂಡವರ ಕಥೆ ಪ್ರತಿ ಊರಲ್ಲೂ ಇದೆ). ಮೊಬೈಲಿಗೆ ಹಂಗೆ ಮುಚ್ಚೋ ಬಾಗಿಲೇ ಇಲ್ಲ. ರಾತ್ರಿ ಎರಡು ಗಂಟೆಗೂ ಎಲ್ಲೋ ಒಂದು ಮ್ಯಾಚ್ ನಡೀತಿರುತ್ತೆ, ಒಂದು ಆಟಕ್ಕೂ ಇನ್ನೊಂದಕ್ಕೂ ಸೆಕೆಂಡ್ ಗ್ಯಾಪ್, ಕೈಲಿ ದುಡ್ಡಿಲ್ಲ ಅಂದ್ರೆ ಅದೇ ಫೋನಲ್ಲಿ ಲೋನ್ ಆಪ್ ಬೇರೆ, "ಇನ್ನೊಂದು ದಿನ" ಅನ್ನೋ ಮಾತಿಗೇ ಅಲ್ಲಿ ಅರ್ಥ ಉಳ್ದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. "ಸೋತಾಗೆಲ್ಲಾ ಡಬಲ್ ಹಾಕ್ತಾ ಹೋಗು, ಒಂದ್ಸಲ ಗೆದ್ರೆ ಎಲ್ಲಾ ಕವರ್" ಅಂತ ಒಂದು ಐಡಿಯಾ ಊರೂರಲ್ಲೂ ಓಡಾಡ್ತಿದೆ. ನೂರು ರೂಪಾಯಿಂದ ಶುರು ಮಾಡಿ, ಇನ್ನೂರು, ನಾನೂರು, ಎಂಟುನೂರು ಅಂತ ಏಳು ಸಲ ಸೋತ್ರೆ ಹೋಗಿರೋದು 12,700 ರೂಪಾಯಿ. ಎಂಟನೇ ಬಾಜಿ 12,800 ಕಟ್ಬೇಕು. ಕಟ್ಟಿ ಗೆದ್ರೆ ಒಟ್ಟು ಲಾಭ ಎಷ್ಟು? ನೂರು ರೂಪಾಯಿ! ಇದನ್ನ ಸ್ಕೀಮ್ ಅಂತ ಕರೆಯೋರಿಗೆ ಏನ್ ಹೇಳೋದು. ಏಳು ಸಲ ಸತತವಾಗಿ ಯಾರಪ್ಪಾ ಸೋಲ್ತಾರೆ ಅಂತೀರಾ, ನ್ಯಾಯವಾಗಿ ನಾಣ್ಯ ಚಿಮ್ಮಿದ್ರೂ 128ಕ್ಕೆ ಒಂದ್ಸಲ ಹಂಗಾಗುತ್ತೆ, ದಿನಾ ಆಡೋನಿಗೆ ಅದು ದೂರದ ಮಾತಲ್ಲ. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೊ ಕ್ಯಾಸಿನೋದಲ್ಲಿ, ಕೆಂಪು ಬರುತ್ತಾ ಕಪ್ಪು ಬರುತ್ತಾ ಅಂತ ದುಡ್ಡು ಕಟ್ಟೋ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪೇ ಬಂತು, "ಇನ್ನೇನ್ ಕೆಂಪು ಬಂದೇ ಬರುತ್ತೆ" ಅಂತ ಕೆಂಪಿಗೆ ಸುರಿದವರೆಲ್ಲಾ ಮುಳುಗಿದ್ರು. ಹಿಂದೆ ಎಷ್ಟು ಸಲ ಸೋತಿದೀವಿ ಅನ್ನೋದು ಆ ಚಕ್ರಕ್ಕೆ ಗೊತ್ತಿರಲ್ಲ ಕಣ್ರಪ್ಪಾ, ಸಾಲ ಬಾಕಿ ಇದೆ ಅಂತ ನೆನಪಿಟ್ಕೊಂಡಿರೋರು ನಾವೊಬ್ರೇ.

ಹಂಗಾದ್ರೆ ಯಾರಿಗೂ ಯಾವತ್ತೂ ವಾಪಸ್ ಬಂದೇ ಇಲ್ವಾ ಅಂದ್ರೆ, ಬರುತ್ತೆ, ಒಂದೊಂದ್ಸಲ ಬರುತ್ತೆ, ತೊಂದರೆ ಇರೋದೇ ಅಲ್ಲಿ. ಒಂದ್ಸಲ ಐವತ್ತು ಸಾವಿರ ಹೋಗಿ ಮಾರನೇ ದಿನ ಪೂರ್ತಿ ವಾಪಸ್ ಬಂದವನ ತಲೇಲಿ ಅದು ಜನ್ಮಪೂರ್ತಿ ಕೂತ್ಬಿಡುತ್ತೆ, ಆಮೇಲಿನ ಹತ್ತು ಸೋಲು ನೆನಪಲ್ಲೇ ಇರಲ್ಲ. ಲಾಟರೀದೂ ಅದೇ ಕಥೆ. 2024ರಲ್ಲಿ ಕೇರಳದ ಓಣಂ ಬಂಪರ್ 25 ಕೋಟಿ ನಮ್ ಮಂಡ್ಯ ಜಿಲ್ಲೆಯವರೊಬ್ರಿಗೇ ಬಂತು, ಪಾಪ ಒಳ್ಳೇದಾಗ್ಲಿ ಅವರಿಗೆ, ಆದ್ರೆ ಆವತ್ತು ಟಿಕೆಟ್ ಹರಿದು ಬಿಸಾಕಿದ ಲಕ್ಷಾಂತರ ಜನರ ಫೋಟೋ ಯಾವ ಪೇಪರಲ್ಲೂ ಬರಲ್ವಲ್ಲ.

ಸೇಫರ್ ಪ್ಲೇ, ರೆಸ್ಪಾನ್ಸಿಬಲ್ ಗೇಮಿಂಗ್ ಅಂತ ಕೇಳಿರ್ತೀರಿ. ಜಾಹೀರಾತು ಮಂಡಳಿಯವರು 2020ರ ಡಿಸೆಂಬರಿಂದ ದುಡ್ಡಿನ ಗೇಮ್ ಜಾಹೀರಾತಲ್ಲಿ ಐದನೇ ಒಂದು ಭಾಗ ಜಾಗದಲ್ಲಿ "ಇದು ಚಟ ಆಗಬಹುದು, ಜವಾಬ್ದಾರಿಯಿಂದ ಆಡಿ" ಅಂತ ಹಾಕ್ಬೇಕು ಅಂದಿದ್ರು. ನನ್ ಪ್ರಕಾರ ಆ ಸಾಲಿಂದ ಯಾರೂ ನಿಂತಿಲ್ಲ, ಯಾಕಂದ್ರೆ ಸೋತು ಕೂತಿರೋನ ಹತ್ರ ಆ ಹೊತ್ತಿಗೆ ಜವಾಬ್ದಾರಿ ಅನ್ನೋದೇ ಇರಲ್ಲ. ಕೆಲಸಕ್ಕೆ ಬರೋದು ಸೋಲಿಗೂ ಮುಂದಿನ ಬಾಜಿಗೂ ಮಧ್ಯ ಗೋಡೆ ಕಟ್ಟೋ ವ್ಯವಸ್ಥೆ, ಅದನ್ನೂ ತಲೆ ಸರಿ ಇರೋವಾಗ್ಲೇ ಕಟ್ಟಿರ್ಬೇಕು. ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್ ಅಂತ ಇದೆ, ಒಂದ್ಸಲ ಹೆಸರು ಬರೆಸಿದ್ರೆ ಆರು ತಿಂಗಳು, ಒಂದ್ ವರ್ಷ ಇಲ್ಲಾ ಐದು ವರ್ಷ ಲೈಸೆನ್ಸ್ ಇರೋ ಯಾವ ಆನ್‌ಲೈನ್ ಸೈಟೂ ಒಳಗ್ ಬಿಟ್ಕೊಳಂಗಿಲ್ಲ, ಮಧ್ಯದಲ್ಲಿ ಮನಸು ಬದಲಾಯ್ತು ಅಂತ ಗೋಗರೆದ್ರೂ ತೆಗೆಯಲ್ಲ. ಕ್ರೆಡಿಟ್ ಕಾರ್ಡಲ್ಲಿ ಜೂಜಾಡೋದನ್ನೂ ಅಲ್ಲಿ 2020ರಲ್ಲಿ ನಿಲ್ಸಿದ್ರು. ಆಸ್ಟ್ರೇಲಿಯಾದಲ್ಲಿ 2023ರಲ್ಲಿ ಬೆಟ್‌ಸ್ಟಾಪ್ ಅಂತ ಇಂಥದ್ದೇ ಬಂತು.

ನಮ್ಮಲ್ಲಿ 2025ರ ಆಗಸ್ಟಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳನ್ನೇ ನಿಷೇಧ ಮಾಡೋ ಕಾನೂನು ಪಾಸ್ ಮಾಡ್ತು, ನಡೆಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ, ಆಡೋರಿಗೆ ಶಿಕ್ಷೆ ಇಲ್ಲ. ದೊಡ್ಡ ದೊಡ್ಡ ಆಪ್‌ಗಳು ದುಡ್ಡಿನ ಆಟ ನಿಲ್ಸಿದ್ವು, ಸರಿ, ಆದ್ರೆ ವಾಟ್ಸಾಪ್ ಐಡಿ, ಎಲ್ಲೋ ಹೊರದೇಶದಲ್ಲಿ ಕೂತು ನಡೆಸೋ ಸೈಟುಗಳಲ್ಲಿ ಲಿಮಿಟ್ಟೂ ಇಲ್ಲ, ಹೆಸರು ಬರೆಸಿ ಆಟ ಬಂದ್ ಮಾಡಿಸ್ಕೊಳ್ಳೋ ವ್ಯವಸ್ಥೇನೂ ಇಲ್ಲ, ಮೋಸ ಆದ್ರೆ ಯಾರ ಹತ್ರ ಹೋಗಿ ಅಳೋದು. ಹಂಗಾಗಿ ಗೋಡೆನ ನಾವೇ ಕಟ್ಕೋಬೇಕು: ಬ್ಯಾಂಕ್ ಆಪಲ್ಲಿ ಯುಪಿಐ ಲಿಮಿಟ್ ಇಳಿಸೋದು, ಸಂಬಳದ ಅಕೌಂಟು ಕಬ್ಬಿನ ದುಡ್ಡು ಬರೋ ಅಕೌಂಟು ಯುಪಿಐಗೆ ಸೇರಿಸ್ದೆ ಇರೋದು, ಲೋನ್ ಆಪ್ ಎಲ್ಲಾ ಕಿತ್ತಾಕೋದು, ಜೂಜಿನ ಸೈಟು ತೆರೀದಂಗೆ ತಡೆಯೋ ಬೆಟ್‌ಬ್ಲಾಕರ್ ಅಂತ ಫ್ರೀ ಆಪ್ ಇದೆ ಅದನ್ನ ಹಾಕೋದು. ಟೆಲಿಗ್ರಾಮಲ್ಲಿ "ನಿಮ್ ಲಾಸ್ ನಾವು ರಿಕವರಿ ಮಾಡ್ಕೊಡ್ತೀವಿ" ಅಂತ ಬರೋರನ್ನ ನೋಡಿದ ಕೂಡ್ಲೇ ಬ್ಲಾಕ್ ಮಾಡಿ, ದುಡ್ಡು ಹೊಡೆಸ್ಕೊಂಡಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೇದಾಗಿ ಮನೆಯವರ ವಿಷ್ಯ, ಇದನ್ನ ಸ್ವಲ್ಪ ಬಿಡಿಸೇ ಹೇಳ್ಬೇಕು. ಮಗ ಕಾಲಿಗ್ ಬಿದ್ದು ಅತ್ತ ಅಂತ ಅಪ್ಪ ಹತ್ತು ಗುಂಟೆ ಮಾರಿ ಸಾಲ ತೀರಿಸ್ತಾರೆ, ಲೆಸಿಯೂರ್ ಇದನ್ನ ಬೇಲ್ ಔಟ್ ಅಂತ ಕರೆದಿದ್ದ. ಅಪ್ಪ ಅಮ್ಮಂಗೆ ಅದು ಪ್ರೀತಿ, ಒಪ್ತೀನಿ, ಆದ್ರೆ ಚೇಸ್ ಮಾಡೋನ ತಲೆಗೆ ಅದು ಕೇಳ್ಸೋದು "ಹೋದ ದುಡ್ಡು ವಾಪಸ್ ಬಂತು" ಅಂತಾನೇ. ಮತ್ತೆ ಸೊನ್ನೆಯಿಂದ ಶುರು ಮಾಡೋಕೆ ಜಾಗ ಸಿಕ್ತು. ಅವನ ಕೈಗೆ ದುಡ್ಡು ಕೊಡಬೇಡಿ, ತೀರಿಸಲೇಬೇಕು ಅಂದ್ರೆ ಸಾಲ ಯಾರ್ಯಾರಿಗೆ ಎಷ್ಟೆಷ್ಟು ಅಂತ ಪೂರ್ತಿ ಪಟ್ಟಿ ಬರೆಸ್ಕೊಂಡು ನೀವೇ ಹೋಗಿ ಕಂತಲ್ಲಿ ಕೊಡಿ, ಪಾಸ್‌ಬುಕ್ಕು ಎಟಿಎಂ ಕಾರ್ಡು ಒಂದಷ್ಟು ದಿನ ಇನ್ನೊಬ್ರ ಹತ್ರ ಇರ್ಲಿ. ಪಟ್ಟೀಲಿ ಒಂದೆರಡು ಸಾಲ ಬಚ್ಚಿಟ್ಟೇ ಇರ್ತಾನೆ, ಬೈಯೋಕೆ ಮುಂಚೆ ಇನ್ನೊಂದ್ಸಲ ಕೇಳಿ.

ಸಾಲದ ಭಾರಕ್ಕೆ ಜೀವ ಬೇಡ ಅನ್ನೋ ಮಾತೇನಾದ್ರೂ ಬಂದ್ರೆ ಲೆಕ್ಕಪತ್ರ ಎಲ್ಲಾ ಆಮೇಲೆ, ಒಬ್ರನ್ನೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, ನಂಬರ್ 14416, ಫ್ರೀ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆ ಎರಡರಲ್ಲೂ ಮನೋವೈದ್ಯರು ಇದಾರೆ. ಆಡೋನೇ ಫೋನ್ ಮಾಡ್ಬೇಕು ಅಂತೇನಿಲ್ಲ, ಹೆಂಡ್ತಿನೋ ಅಮ್ಮನೋ ಮಾಡಿ ಕೇಳಬಹುದು.