ಪಂಕ್‌ನವರು 'ಸೆಲ್ಲೌಟ್' ಅಂತ ಯಾಕೆ ಬೈತಾರೆ: ಗ್ರೀನ್ ಡೇ ಕತೆ

ಸೆಲ್ಲೌಟ್ ಅನ್ನೋದು ಪಂಕ್ ಲೋಕದಲ್ಲಿ, ಅಂದ್ರೆ ಜೋರಾಗಿ ಒರಟಾಗಿ ನುಡಿಸೋ ಒಂಥರಾ ರಾಕ್ ಸಂಗೀತದ ಲೋಕದಲ್ಲಿ, ಬೈಗುಳ. ದುಡ್ಡಿಗೆ ಮಾರ್ಕೊಂಡವ್ನು ಅಂತ ಮೇಲ್ನೋಟದ ಅರ್ಥ, ಆದ್ರೆ ಬರೀ ದುಡ್ಡು ಮಾಡಿದ್ದಕ್ಕೆ ಯಾರೂ ಹಂಗೆ ಬೈಯಲ್ಲ, ಬೆಳೆಸಿದ ಜಾಗದ ಕಟ್ಟುಪಾಡು ಮುರಿದ್ರು ಅನ್ನೋ ಸಿಟ್ಟು ಅದ್ರೊಳಗಿರುತ್ತೆ, ಉಂಡ ಮನೆಗೆ ಎರಡು ಬಗೆದವ್ರು ಅಂತೀವಲ್ಲ ಆ ಥರ. ಈ ಬೈಗುಳನ ಹೊಟ್ಟೆ ತುಂಬ ತಿಂದಿರೋ ಬ್ಯಾಂಡ್ ಅಂದ್ರೆ ಗ್ರೀನ್ ಡೇ, ಅದಕ್ಕೆ ಅವ್ರ ಕತೆ ಹಿಡ್ಕೊಂಡೇ ಹೇಳ್ತೀನಿ.

ಕ್ಯಾಲಿಫೋರ್ನಿಯಾದ ರೋಡಿಯೋ ಅಂತ ಒಂದು ಊರು, ಪಕ್ಕದಲ್ಲೇ ದೊಡ್ಡ ಆಯಿಲ್ ರಿಫೈನರಿ. ಅಲ್ಲಿ ಬೆಳೆದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಅವನ ಸ್ಕೂಲ್ ಫ್ರೆಂಡ್ ಮೈಕ್ ಡರ್ನ್ಟ್, ಇಬ್ರೂ ಸೇರಿ 1987ರಲ್ಲಿ ಸ್ವೀಟ್ ಚಿಲ್ಡ್ರನ್ ಅಂತ ಬ್ಯಾಂಡ್ ಕಟ್ಟಿದ್ರು, ಎರಡು ವರ್ಷಕ್ಕೆ ಹೆಸರು ಗ್ರೀನ್ ಡೇ ಆಯ್ತು, 1990ರಲ್ಲಿ ಡ್ರಮ್ಸ್‌ಗೆ ಟ್ರೇ ಕೂಲ್ ಬಂದ. ಟೂರ್‌ಗೆ ಇವ್ರನ್ನ ಕರ್ಕೊಂಡು ಹೋಗ್ತಿದ್ದಿದ್ದು ಟ್ರೇ ಅವರಪ್ಪ, ಅದೂ ಹಳೇ ಸಂಚಾರಿ ಲೈಬ್ರರಿ ಗಾಡಿಯಲ್ಲಿ. ಇವ್ರು ನುಡಿಸ್ತಿದ್ದಿದ್ದು ಪಾಪ್ ಪಂಕ್, ಅದೇನು ಅಂತ ಕೇಳ್ಬೇಡಿ, ಪಂಕ್‌ನ ಸ್ಪೀಡು, ಗಿಟಾರಿನ ಮೂರ್ನಾಲ್ಕು ಕಾರ್ಡು, ಅದ್ರ ಮೇಲೆ ಒಂದ್ಸಲ ಕೇಳಿದ್ರೆ ಬಾಯಲ್ಲಿ ಕೂತ್ಬಿಡೋ ಟ್ಯೂನು, ಅಷ್ಟೇ. ರಮೋನ್ಸ್ ಅನ್ನೋ ಬ್ಯಾಂಡು ಅದನ್ನ 1976ರಲ್ಲೇ ಮಾಡಿತ್ತು.

ಇವ್ರು ಬೆಳೆದ ಮನೆ ಯಾವ್ದು ಅಂದ್ರೆ ಬರ್ಕ್ಲಿಯಲ್ಲಿರೋ 924 ಗಿಲ್ಮನ್ ಸ್ಟ್ರೀಟ್. ಅಡ್ರೆಸ್ಸೇ ಹೆಸರು. 1986ರ ಡಿಸೆಂಬರ್ 31ಕ್ಕೆ ಓಪನ್ ಆದ ಕ್ಲಬ್ಬು, ಗೋಡಾನ್ ಥರದ ಜಾಗ, ಓನರ್ ಮ್ಯಾನೇಜರ್ ಅಂತ ಯಾರಿಲ್ಲ, ಬಾಗಿಲಲ್ಲಿ ನಿಲ್ಲೋದ್ರಿಂದ ನೆಲ ಗುಡಿಸೋವರೆಗೂ ವಾಲಂಟಿಯರ್‌ಗಳೇ. ಎಣ್ಣೆ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ, ಜನಾಂಗದ ಮೇಲೆ, ಹೆಣ್ಣಿನ ಮೇಲೆ, ಸಲಿಂಗಿಗಳ ಮೇಲೆ ಕೆಟ್ಟ ಮಾತಿಲ್ಲ, ಇದನ್ನೆಲ್ಲ ಗೋಡೆ ಮೇಲೇ ಬರೆದಿದ್ರು. ಎಣ್ಣೆ ಮಾರದೇ ಇರೋದ್ರಿಂದ ಹೈಸ್ಕೂಲ್ ಹುಡುಗ್ರೂ ಒಳಗೆ ಬರಬಹುದಿತ್ತು, ಇದು ಸಣ್ಣ ವಿಷಯ ಅಲ್ಲ, ಬಾರ್‌ಗಳಲ್ಲಿ ಆ ವಯಸ್ಸಿನವ್ರಿಗೆ ಎಂಟ್ರಿನೇ ಇಲ್ಲ. ಇನ್ನೊಂದು ನಿಯಮ ಏನಂದ್ರೆ ಮೇಜರ್ ಲೇಬಲ್, ಅಂದ್ರೆ ದೊಡ್ಡ ರೆಕಾರ್ಡ್ ಕಂಪನಿ, ಜೊತೆ ಸೈನ್ ಮಾಡಿದ ಬ್ಯಾಂಡಿಗೆ ಇಲ್ಲಿ ಸ್ಟೇಜ್ ಇರ್ಲಿಲ್ಲ.

ಹೊಟ್ಟೆಕಿಚ್ಚು ಅಂತ ಈ ನಿಯಮನ ತಳ್ಳಿಹಾಕೋದು ಸುಲಭ, ನಂಗೆ ಹಂಗನ್ಸಲ್ಲ. ಮೇಜರ್ ಲೇಬಲ್ ಕೊಡೋ ಅಡ್ವಾನ್ಸ್ ಪುಕ್ಸಟ್ಟೆ ಅಲ್ಲ, ರೆಕಾರ್ಡಿಂಗ್ ಖರ್ಚು, ವಿಡಿಯೋ ಖರ್ಚಿನ ಪಾಲು ಎಲ್ಲಾ ಬ್ಯಾಂಡಿನ ಲೆಕ್ಕಕ್ಕೆ ಬೀಳುತ್ತೆ, ಅದು ರಾಯಲ್ಟಿಯಲ್ಲಿ ವಜಾ ಆಗೋವರೆಗೂ ಕೈಗೆ ಬಿಡಿಗಾಸು ಬರಲ್ಲ. ಸ್ಟೀವ್ ಆಲ್ಬಿನಿ ಅಂತ ರೆಕಾರ್ಡಿಂಗ್ ಎಂಜಿನಿಯರ್ 1993ರಲ್ಲಿ ಒಂದು ಲೇಖನ ಬರೆದು, ಲಕ್ಷಗಟ್ಟಲೆ ರೆಕಾರ್ಡ್ ಮಾರಿದ ಬ್ಯಾಂಡಿನವ್ರು ಹೆಂಗೆ ಖಾಲಿ ಜೇಬಲ್ಲಿ ಮನೆಗೆ ಹೋಗ್ತಾರೆ ಅಂತ ಲೆಕ್ಕ ಹಾಕಿ ತೋರಿಸಿದ್ದ. ಜೊತೆಗೆ ಬ್ಯಾಂಡನ್ನ ಟಿವಿಯಲ್ಲಿ ನೋಡ್ಕೊಂಡು ಬರೋ ಜನಕ್ಕೆ ಆ ಗೋಡೆ ಮೇಲಿನ ನಿಯಮ ಯಾಕಿದೆ ಅಂತ ಗೊತ್ತಿರಲ್ಲ, ಅವ್ರು ನುಗ್ಗಿದ್ರೆ ಕಷ್ಟಪಟ್ಟು ಕಾಪಾಡ್ಕೊಂಡ ಜಾಗ ಹಾಳಾಗುತ್ತೆ. ಭಯಕ್ಕೆ ಕಾರಣ ಇತ್ತು.

ಗ್ರೀನ್ ಡೇ ಮೊದಲ ಎರಡು ಆಲ್ಬಮ್ ಲೋಕಲ್ಲಾದ ಲುಕ್‌ಔಟ್ ರೆಕಾರ್ಡ್ಸ್‌ನಲ್ಲಿ ಬಂದ್ವು, ಎರಡನೇದಾದ ಕರ್‌ಪ್ಲಂಕ್ ಆ ಸಣ್ಣ ಕಂಪನಿ ಮಟ್ಟಿಗೆ ಭರ್ಜರಿ ಓಡ್ತು. ಆಮೇಲೆ 1993ರಲ್ಲಿ ವಾರ್ನರ್ ಅನ್ನೋ ದೊಡ್ಡ ಕಂಪನಿ ಗುಂಪಿನ ರಿಪ್ರೈಸ್ ಲೇಬಲ್ ಜೊತೆ ಸೈನ್ ಮಾಡಿದ್ರು. ಗಿಲ್ಮನ್ ಬಾಗಿಲು ಇವ್ರಿಗೆ ಮುಚ್ತು. 1994ರ ಫೆಬ್ರವರಿ 1ಕ್ಕೆ ಡೂಕಿ ಆಲ್ಬಮ್ ಬಂತು, ಆಗಸ್ಟಲ್ಲಿ ವುಡ್‌ಸ್ಟಾಕ್ 94 ಅನ್ನೋ ಸಂಗೀತ ಉತ್ಸವದಲ್ಲಿ ಜನ ಸ್ಟೇಜಿಗೆ ಕೆಸರು ಎಸೆದ್ರು, ಬಿಲ್ಲಿನೂ ವಾಪಸ್ ಎಸೆದ, ಸ್ಟೇಜ್ ಹತ್ತಿದ ಯಾವನೋ ಫ್ಯಾನ್ ಅನ್ಕೊಂಡು ಸೆಕ್ಯುರಿಟಿಯವ್ನು ಮೈಕ್‌ನನ್ನೇ ಕೆಡವಿ ಹಲ್ಲು ಮುರಿದ, ಇದೆಲ್ಲ ಟಿವಿಯಲ್ಲಿ ಲೈವ್. ಡೂಕಿ ಅಮೆರಿಕ ಒಂದರಲ್ಲೇ 1 ಕೋಟಿ ಕಾಪಿ ದಾಟ್ತು. ಆಲ್ಬಿನಿ ಲೆಕ್ಕ ಇವ್ರ ವಿಷಯದಲ್ಲಿ ತಲೆಕೆಳಗಾಯ್ತು, ಆದ್ರೆ ಇವ್ರೊಬ್ರು ಗೆದ್ರು ಅಂತ ಲೆಕ್ಕ ತಪ್ಪು ಅನ್ನೋಕಾಗಲ್ಲ, ಅದೇ ಊರಿನ ಕಡೆಯ ಜಾಬ್ರೇಕರ್ ಬ್ಯಾಂಡು ಕೂಡ ಮೇಜರ್ ಲೇಬಲ್‌ಗೆ ಹೋಗಿ 1995ರಲ್ಲಿ ಆಲ್ಬಮ್ ತಂದು, ಹಳೇ ಅಭಿಮಾನಿಗಳು ಬೆನ್ನು ತಿರುಗಿಸಿ, ಮರುವರ್ಷವೇ ಒಡೆದುಹೋಯ್ತು.

ಈಗ ಅಸಲಿ ಪ್ರಶ್ನೆಗೆ ಬರೋಣ, ಲೇಬಲ್ ಬದಲಾದ್ರೆ ಹಾಡೂ ಬದಲಾಗುತ್ತಾ? ಇದನ್ನ ಚೆಕ್ ಮಾಡೋಕೆ ಒಂದು ಒಳ್ಳೆ ದಾರಿ ಇದೆ. 'ವೆಲ್ಕಮ್ ಟು ಪ್ಯಾರಡೈಸ್' ಅನ್ನೋ ಹಾಡು ಕರ್‌ಪ್ಲಂಕ್‌ನಲ್ಲೂ ಇದೆ, ಡೂಕಿಯಲ್ಲೂ ಇದೆ. ಮನೆ ಬಿಟ್ಟು ಓಕ್ಲೆಂಡ್‌ನ ಹಾಳು ಬಿಲ್ಡಿಂಗಲ್ಲಿ ಬಿಟ್ಟಿಯಾಗಿ ಇದ್ದ ದಿನಗಳ ಬಗ್ಗೆ ಬಿಲ್ಲಿ ಬರೆದಿದ್ದು. ಇಯರ್‌ಫೋನ್ ಹಾಕ್ಕೊಂಡು ಒಂದಾದ್ಮೇಲೆ ಒಂದು ಕೇಳಿ. ಟ್ಯೂನು ಅದೇ, ಮಾತು ಅದೇ, ಮಧ್ಯದಲ್ಲಿ ಹಾಡು ನಿಂತು ಬರೀ ಗಿಟಾರು ಬೇಸು ಕತ್ತಲೆಗೆ ಇಳಿದಂಗೆ ಸುತ್ತೋ ಜಾಗನೂ ಅದೇ. ಎರಡನೇದ್ರಲ್ಲಿ ಗಿಟಾರ್ ದಪ್ಪಗಿದೆ, ಡ್ರಮ್ಮಿನ ಒಂದೊಂದು ಏಟೂ ಕ್ಲೀನಾಗಿ ಕೇಳುತ್ತೆ, ಪ್ರೊಡ್ಯೂಸರ್ ರಾಬ್ ಕವಾಲೋ ಕೈಚಳಕ ಅದು. ಅದೇ ಹಾಡು ಕರ್‌ಪ್ಲಂಕ್‌ನಲ್ಲಿ ನಮ್ಮದು, ಡೂಕಿಯಲ್ಲಿ ಮಾರ್ಕೊಂಡಿದ್ದು ಅಂದ್ರೆ ಹೆಂಗ್ರೀ? ಅಂದ್ರೆ ಈ ಬೈಗುಳ ಹಾಡಿಗೆ ಬಿದ್ದಿದ್ದಲ್ಲ, ರೆಕಾರ್ಡಿನ ಹಿಂದೆ ಇರೋ ಕಂಪನಿ ಹೆಸರಿಗೆ ಬಿದ್ದಿದ್ದು.

ಬಿಲ್ಲಿಗೆ ಇದು ನೋವಾಗಿತ್ತು ಅಂತ 1995ರ ಇನ್‌ಸೋಮ್ನಿಯಾಕ್ ಆಲ್ಬಮ್ ಕೇಳಿದ್ರೆ ಗೊತ್ತಾಗುತ್ತೆ. ಅದ್ರಲ್ಲಿ '86' ಅಂತ ಹಾಡಿದೆ, ಅಮೆರಿಕದ ಬಾರ್ ಹೋಟೆಲ್ ಭಾಷೆಯಲ್ಲಿ ಗಿರಾಕಿನ ಆಚೆ ಹಾಕೋದಕ್ಕೆ 86 ಅಂತಾರೆ, ಹಾಡು ಗಿಲ್ಮನ್‌ನಿಂದ ಆಚೆ ಬಿದ್ದಿದ್ದರ ಬಗ್ಗೆನೇ. 1997ರಲ್ಲಿ 'ಗುಡ್ ರಿಡನ್ಸ್' ಹಾಡು ಬಂದಾಗ ಮತ್ತೆ ಅದೇ ಗಲಾಟೆ, ಅಕೂಸ್ಟಿಕ್ ಗಿಟಾರು, ಪಿಟೀಲು, ಇದ್ಯಾವ ಪಂಕ್ ಅಂತ. 2004ರ ಅಮೆರಿಕನ್ ಈಡಿಯಟ್ ಆಲ್ಬಮ್ ಮಾತ್ರ ಬೈಯೋರನ್ನ ಇಕ್ಕಟ್ಟಿಗೆ ಸಿಕ್ಕಿಸ್ತು. ಇರಾಕ್ ಯುದ್ಧ ನಡೀತಿರೋವಾಗ, ಬುಷ್ ಸರ್ಕಾರನ, ಯುದ್ಧದ ಹುಚ್ಚೆಬ್ಬಿಸೋ ಟಿವಿನ ಉಗಿದು ಹಾಡಿದ್ದು, ಅದೂ ವಾರ್ನರ್ ದುಡ್ಡಲ್ಲಿ. ಮಾರ್ಕೊಂಡವ್ರು ಬಾಯಿ ಮುಚ್ಕೊಂಡಿರ್ತಾರೆ ಅನ್ನೋ ಲೆಕ್ಕ ಇಲ್ಲಿ ಕೂರಲ್ಲ. ಮುಂದೆ 2010ರಲ್ಲಿ ಅದೇ ಆಲ್ಬಮ್ ನ್ಯೂಯಾರ್ಕಿನ ದೊಡ್ಡ ಥಿಯೇಟರ್‌ಗಳ ಬ್ರಾಡ್‌ವೇಯಲ್ಲಿ ಹಾಡು-ನಾಟಕ ಆಯ್ತು, ಅದು ನಂಗೂ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ, ಇರ್ಲಿ.

ಇದ್ರಲ್ಲಿ ಮಜಾ ಏನಂದ್ರೆ 2005ರಲ್ಲಿ ಗ್ರೀನ್ ಡೇ ತಮ್ಮ ಹಳೇ ಆಲ್ಬಮ್‌ಗಳನ್ನ ಲುಕ್‌ಔಟ್‌ನಿಂದ ವಾಪಸ್ ತಗೊಂಡ್ರು, ಕಾರಣ ರಾಯಲ್ಟಿ ಬಾಕಿ. ದುಡ್ಡು ಬಾಕಿ ಉಳಿಸಿದ್ದು ದೊಡ್ಡ ಕಂಪನಿ ಅಲ್ಲ, 'ನಮ್ಮವ್ರು' ಅನ್ನಿಸ್ಕೊಂಡಿದ್ದ ಸಣ್ಣ ಲೇಬಲ್. ಆ ಕಂಪನಿ ಆಮೇಲೆ ಚೇತರಿಸ್ಕೊಳ್ಳಲೇ ಇಲ್ಲ.

2015ರ ಮೇನಲ್ಲಿ ಗಿಲ್ಮನ್ ಬಾಗಿಲು ಇವ್ರಿಗೆ ಮತ್ತೆ ತೆರೀತು. ಓಕ್ಲೆಂಡ್‌ನಲ್ಲಿ ಬೆಂಕಿ ಬಿದ್ದು ನಷ್ಟ ಆದ ಎಕೆ ಪ್ರೆಸ್ ಅನ್ನೋ ಪ್ರಕಾಶನ ಮತ್ತೆ ಪಕ್ಕದ ಪ್ರಿಂಟಿಂಗ್ ಪ್ರೆಸ್‌ನವ್ರಿಗೆ ದುಡ್ಡೆತ್ತೋಕೆ ಗ್ರೀನ್ ಡೇ ಅಲ್ಲಿ ನುಡಿಸಿದ್ರು, ಇಪ್ಪತ್ತು ವರ್ಷದ ಮೇಲಾಗಿತ್ತು. ಹಿಂದಿನ ತಿಂಗಳಷ್ಟೇ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದ ಬ್ಯಾಂಡು, ಅದೇ ಗೋಡಾನಲ್ಲಿ. 2025ರ ಮಾರ್ಚಲ್ಲಿ ಮುಂಬೈ ಮಹಾಲಕ್ಷ್ಮಿ ರೇಸ್‌ಕೋರ್ಸಿಗೂ ಬಂದ್ರು, ಲೋಲಾಪಲೂಝಾ ಅನ್ನೋ ಸಂಗೀತ ಉತ್ಸವಕ್ಕೆ, ಟಿಕೆಟ್ಟು ಸಾವಿರಗಟ್ಟಲೆ. ಅಲ್ಲಿ ಸೆಲ್ಲೌಟ್ ಅಂದಿದ್ರೆ ಟಿಕೆಟ್ ಎಲ್ಲಾ ಖಾಲಿ ಅಂತಲೇ ಅನ್ಕೋತಿದ್ರು.