ಲಿಫ್ಟ್ ಕಿಟ್ ಕೊಳ್ಳುವ ಮುಂಚೆ ಗಾಡಿಯ ತಳ ನೋಡಿ

ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಟಾರ್ ರಸ್ತೆ ಬಿಟ್ಟು ಒಳಗೆ ಇಳಿದರೆ ನೆಲ ಒಂದೇ ತರಹ ಇರುವುದಿಲ್ಲ. ಮೊದಲು ಟ್ರ್ಯಾಕ್ಟರ್ ಜಾಡು, ಆಮೇಲೆ ಹೊಲದ ಬದು, ಅದು ದಾಟಿದರೆ ಹಳ್ಳ, ಅದರಾಚೆ ಹಾಸುಬಂಡೆ. ಇಲ್ಲಿನ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಬಿರುಕುಗಳ ಉದ್ದಕ್ಕೂ ಸವೆದು, ಮೂಲೆಗಳು ಉದುರಿ, ಉಳಿದದ್ದು ದುಂಡು ಗುಂಡಾಗುತ್ತದೆ. ಉದುರಿದ್ದು ನೊರಜು ಮಣ್ಣಾಗುತ್ತದೆ. ಹಾಗಾಗಿ ಗಾಡಿಗೆ ಬೀಳುವ ಪೆಟ್ಟೂ ನಾನಾ ತರಹ.

ಥಾರ್, ಜಿಮ್ನಿ, ಗೂರ್ಖಾ ಅಥವಾ ಹಳೇ ಜಿಪ್ಸಿಯಂಥ ಜೀಪು ಇಟ್ಟುಕೊಂಡವರು ತಳ ಉಜ್ಜಿದ ತಕ್ಷಣ ಕೇಳುವುದು ಒಂದೇ ಮಾತು: ಎರಡು ಇಂಚು ಲಿಫ್ಟ್ ಹಾಕಿಸಲಾ, ಅಂದರೆ ಸ್ಪ್ರಿಂಗ್ ಬದಲಿಸಿ ಅಥವಾ ಅದಕ್ಕೆ ಬಿಲ್ಲೆ ಕೊಟ್ಟು ಬಾಡಿಯನ್ನು ಅಷ್ಟು ಮೇಲೆತ್ತಿಸಲಾ? ಅದಕ್ಕೂ ಮುಂಚೆ ಗಾಡಿಯ ಕೆಳಗೆ ಮಲಗಿ, ಉಜ್ಜಿದ ಗುರುತು ಎಲ್ಲಿದೆ ಅಂತ ನೋಡಬೇಕು. ಯಾವ ಪಾರ್ಟ್ ಕೊಳ್ಳಬೇಕು ಅನ್ನುವುದು ಆ ಗುರುತಿನ ಮೇಲೆ ನಿಂತಿದೆ.

ಟ್ರ್ಯಾಕ್ಟರ್ ಜಾಡಿನ ನಡುವೆ ದಿಣ್ಣೆ ಎದ್ದಿರುತ್ತದೆ. ಅಲ್ಲಿ ಮೊದಲು ತಾಗುವುದು ಹಿಂದಿನ ಆಕ್ಸಲ್‌ನ ನಡುವಿನ ಉಬ್ಬು, ಅಂದರೆ ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳ (ಡಿಫರೆನ್ಷಿಯಲ್) ಪೆಟ್ಟಿಗೆ, ಡಿಫರೆನ್ಷಿಯಲ್ ಹೌಸಿಂಗ್. ಸ್ಪ್ರಿಂಗ್ ಇರುವುದು ಆಕ್ಸಲ್‌ಗೂ ಚಾಸಿಗೂ ನಡುವೆ. ಅದನ್ನು ಉದ್ದ ಮಾಡಿದರೆ ಮೇಲೇಳುವುದು ಚಾಸಿ, ಬಾಡಿ. ಆಕ್ಸಲ್ ಚಕ್ರದ ಜೊತೆಗೇ ಇರುತ್ತದೆ. ನಾಲ್ಕು ಇಂಚು ಲಿಫ್ಟ್ ಹಾಕಿಸಿದರೂ ಹೌಸಿಂಗ್ ಒಂದು ಮಿಲಿಮೀಟರ್ ಏರುವುದಿಲ್ಲ! ಅದನ್ನು ಏರಿಸುವುದು ದೊಡ್ಡ ಟೈರ್ ಮಾತ್ರ. ಅದರಲ್ಲೂ ಅರ್ಧ ಲೆಕ್ಕ: ಟೈರಿನ ವ್ಯಾಸ 2 ಇಂಚು ಹೆಚ್ಚಿದರೆ ಹೌಸಿಂಗ್ 1 ಇಂಚು ಏರುತ್ತದೆ. 2020ರ ನಂತರದ ಥಾರ್‌ನ ಮುಂಭಾಗ ಇದಕ್ಕೆ ಹೊರತು. ಅಲ್ಲಿ ಡಿಫರೆನ್ಷಿಯಲ್ ಚಾಸಿಗೆ ಕೂತಿದೆ, ಬಾಡಿಯ ಜೊತೆ ಅದೂ ಏರುತ್ತದೆ. ಇನ್ನು ಒಂದು ಚಕ್ರವನ್ನು ದಿಣ್ಣೆಯ ಮೇಲೆ ಹತ್ತಿಸಿಕೊಂಡು ಓಡಿಸಿದರೆ ಖರ್ಚೇ ಇಲ್ಲ.

ಬದು ದಾಟುವಾಗ ಲಿಫ್ಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮುಂದಿನ ಚಕ್ರ ಆಚೆ ಇಳಿದಿದೆ, ಹಿಂದಿನದು ಈಚೆ ಇದೆ, ಬದು ನೇರ ಹೊಟ್ಟೆಗೆ ತಾಗುತ್ತದೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2590 ಮಿ.ಮೀ., ಕಂಪನಿ ಹೇಳುವ ಬ್ರೇಕ್‌ಓವರ್ ಕೋನ, ಅಂದರೆ ಹೊಟ್ಟೆ ತಾಗದೆ ದಾಟಬಹುದಾದ ದಿಣ್ಣೆಯ ಕೋನ, 24 ಡಿಗ್ರಿ. ಹೊಟ್ಟೆ 50 ಮಿ.ಮೀ. ಮೇಲೆ ಹೋದರೆ ಇನ್ನೂ ಸುಮಾರು 4 ಡಿಗ್ರಿ ಸಿಗುತ್ತದೆ. ಹಳ್ಳದ ದಡಕ್ಕೆ ಬಂಪರ್ ತಾಗುತ್ತಿದ್ದರೆ ಬಂಪರ್ ಬದಲಿಸುವುದೇ ಸರಿ. ಜಯಮಂಗಲಿ ನದಿಯ ಒಣ ಮರಳಿನಲ್ಲಿ ಹೂತುಕೊಂಡರೆ ಲಿಫ್ಟ್‌ನಿಂದ ಏನೂ ಆಗುವುದಿಲ್ಲ, ಟೈರಿನ ಗಾಳಿ ಇಳಿಸಬೇಕು. (ದೇವರಾಯನದುರ್ಗದ ಕಾಡಿಗೆ ಗಾಡಿ ನುಗ್ಗಿಸುವವರಿಗಾಗಿ ಇದನ್ನು ಬರೆಯುತ್ತಿಲ್ಲ.)

ಸರಿ, ಹೊಟ್ಟೆಯೇ ತಾಗುತ್ತಿದೆ, ಲಿಫ್ಟ್ ಬೇಕೇ ಬೇಕು ಅಂದುಕೊಳ್ಳೋಣ. ಅಗ್ಗದ ದಾರಿ ಸ್ಪೇಸರ್. ಕಾಯಿಲ್ ಸ್ಪ್ರಿಂಗ್‌ನ ಒಂದು ತುದಿಗೆ ಕೂರಿಸುವ ಗಟ್ಟಿ ಬಿಲ್ಲೆ ಅದು. ಸ್ಪ್ರಿಂಗ್ ಹಳೆಯದೇ ಇರುವುದರಿಂದ ಓಟದ ಹಿತ ಕೆಡುವುದಿಲ್ಲ. ಆದರೆ ಎತ್ತರ ಪುಕ್ಕಟೆ ಬರಲಿಲ್ಲ, ಶಾಕ್ ಅಬ್ಸಾರ್ಬರ್‌ನಿಂದ ಕಡ ತಂದದ್ದು. ಚಕ್ರ ಗುಂಡಿಗೆ ಇಳಿಯುವಾಗ ಶಾಕ್ ಉದ್ದವಾಗಬೇಕು. ಬಾಡಿ 30 ಮಿ.ಮೀ. ಏರಿದರೆ, ಗಾಡಿ ನಿಂತಿರುವಾಗಲೇ ಶಾಕ್ ಹೆಚ್ಚೂಕಡಿಮೆ ಅಷ್ಟು ಉದ್ದವಾಗಿರುತ್ತದೆ. ಇನ್ನು ಇಳಿಯಲು ಜಾಗ ಕಡಿಮೆ. ಗುಂಡುಗಳ ನಡುವೆ ಚಕ್ರ ಬೇಗ ನೆಲ ಬಿಡುತ್ತದೆ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾಗಿ ಬಲ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಏನೂ ಬಲ ಬೇಡ, ಹಾಗಾಗಿ ನೆಲ ಮುಟ್ಟಿದ ಚಕ್ರಕ್ಕೂ ಏನೂ ಸಿಗುವುದಿಲ್ಲ. ಎತ್ತರದ ಗಾಡಿ ಸುಮ್ನೆ ಚಕ್ರ ತಿರುಗಿಸುತ್ತಾ ನಿಲ್ಲುತ್ತದೆ.

ಅದಕ್ಕೇ ಉದ್ದದ ಶಾಕ್ ಬೇಕು. ಉದ್ದದ ಶಾಕ್ ಪೂರ್ತಿ ಮಡಚಿದಾಗಲೂ ಹಳೆಯದಕ್ಕಿಂತ ಉದ್ದವೇ, ಅಲ್ವಾ? ಆದ್ದರಿಂದ ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್ ತುಂಡನ್ನೂ (ಬಂಪ್ ಸ್ಟಾಪ್) ಅಷ್ಟು ಕೆಳಗಿಳಿಸಬೇಕು. ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಶಾಕ್‌ನ ಪಿಸ್ಟನ್ ಮೇಲೆ ಬೀಳುತ್ತದೆ. ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿದುಕೊಳ್ಳುತ್ತವಾ ಅಂತಲೂ ನೋಡಬೇಕು. ಕಿಟ್ ಮಾರುವವರು ಇದನ್ನೆಲ್ಲ ಬೇರೆ ಬೇರೆ ಬಿಲ್ಲಿನಲ್ಲಿ ಹಾಕುವುದರಿಂದ ಕಿಟ್ ಮಾತ್ರ ಅಗ್ಗ ಕಾಣುತ್ತದೆ.

ಸ್ಪ್ರಿಂಗನ್ನೇ ಬದಲಿಸುವುದಾದರೆ ಆಯ್ಕೆ ಇನ್ನೂ ಸೂಕ್ಷ್ಮ. ಎರಡು ಪಟ್ಟು ಭಾರ ಹೇರಿದರೆ ಎರಡು ಪಟ್ಟು ಕುಗ್ಗುತ್ತದೆ ಅನ್ನುವ ಸ್ಪ್ರಿಂಗ್ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ಎಷ್ಟು ಕುಗ್ಗುತ್ತದೆ ಅನ್ನುವುದು ಕಂಬಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆಯ ಮೇಲೆ ನಿಂತಿದೆ. ಇದರಲ್ಲಿ ದಪ್ಪದ ಪಾಲು ವಿಪರೀತ, ಅದು ನಾಲ್ಕನೇ ಘಾತದಲ್ಲಿ ಕೆಲಸ ಮಾಡುತ್ತದೆ. ಉಳಿದೆಲ್ಲ ಹಾಗೇ ಇದ್ದು 12 ಮಿ.ಮೀ. ಕಂಬಿ 13 ಆದರೆ ಸ್ಪ್ರಿಂಗ್ ಸುಮಾರು 38% ಗಡುಸಾಗುತ್ತದೆ. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

‘ಹೆವಿ ಡ್ಯೂಟಿ’ ಸ್ಪ್ರಿಂಗ್ ಅನ್ನುವುದು ಗಟ್ಟಿಮುಟ್ಟಾದ ಸ್ಪ್ರಿಂಗ್ ಅಂತ ಅನೇಕರ ನಂಬಿಕೆ. ಅದು ಸ್ಟೀಲ್ ಬಂಪರ್, ವಿಂಚ್, ಟಾಪ್ ಕ್ಯಾರಿಯರ್ ಎಲ್ಲ ಹೊತ್ತ ಗಾಡಿಗೆ ಮಾಡಿದ್ದು. ಖಾಲಿ ಗಾಡಿಗೆ ಹಾಕಿದರೆ ಅದು ಕುಗ್ಗುವುದೇ ಕಷ್ಟ. ಎತ್ತರ ಹೇಳಿದ್ದಕ್ಕಿಂತ ಜಾಸ್ತಿ ಬರುತ್ತದೆ, ಬೆನ್ನಿಗೆ ಪೆಟ್ಟು ಬೀಳುತ್ತದೆ, ಬಂಡೆ ಮೇಲೆ ಚಕ್ರ ಮತ್ತೆ ಗಾಳಿಯಲ್ಲಿ. ಆದ್ದರಿಂದ ಮಾಮೂಲಿ ಸಾಮಾನು, ಮಾಮೂಲಿ ಜನರ ಸಮೇತ ಗಾಡಿಯನ್ನು ಯಾವುದಾದರೂ ವೇಬ್ರಿಡ್ಜ್‌ಗೆ ಒಯ್ಯಿರಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ. ಮುಂದೆಷ್ಟು, ಹಿಂದೆಷ್ಟು ಅಂತ ಗೊತ್ತಾದ ಮೇಲೆ ಸ್ಪ್ರಿಂಗ್ ಆರಿಸಿ. ಜಿಪ್ಸಿಯ ಲೀಫ್ ಸ್ಪ್ರಿಂಗ್‌ಗೂ ಇದೇ ಮಾತು: ಪಟ್ಟಿ ಸೇರಿಸಿದರೆ ಎತ್ತರದ ಜೊತೆ ಗಡುಸೂ ಬರುತ್ತದೆ. ಅಲ್ಲಿ ಶ್ಯಾಕಲ್, ಅಂದರೆ ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, 2 ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು 1 ಇಂಚು.

ಹುಕ್ ಗಾಡಿಯ ಕೆಳಗೆ ಇನ್ನೊಂದು ಕಡೆಯೂ ಸಿಗುತ್ತಾರೆ. ಎಂಜಿನ್ನಿನ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್‌ಗೆ ಹುಕ್ ಜಾಯಿಂಟ್ ಅನ್ನುವ ಹೆಸರೂ ಇದೆ. ಈ ಜಾಯಿಂಟ್ ಓರೆಯಾದಾಗ ಒಂದು ವಿಚಿತ್ರ ನಡೆಯುತ್ತದೆ. ಒಂದು ಕಡೆ ಒಂದೇ ವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ತಗ್ಗಿಸುತ್ತದೆ. 10 ಡಿಗ್ರಿ ಓರೆಯಲ್ಲಿ ಈ ಏರಿಳಿತ ಆಚೀಚೆ 1.5%. 20 ಡಿಗ್ರಿಗೆ 6%. ಶಾಫ್ಟ್‌ನ ಎರಡೂ ತುದಿಯ ಕೋನ ಸಮ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಲಿಫ್ಟ್ ಆದಾಗ ಕೋನ ಹೆಚ್ಚುತ್ತದೆ. ಜೊತೆಗೆ ಆಕ್ಸಲ್ ತನ್ನ ಜಾಗದಲ್ಲೇ ಕೊಂಚ ಹೊರಳಿದರೆ ಸಮವೂ ತಪ್ಪುತ್ತದೆ. ಗಾಡಿ ಹೆದ್ದಾರಿಯ ವೇಗದಲ್ಲಿ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅದು ನಿಲ್ಲುವುದಿಲ್ಲ. ಶಾಫ್ಟ್ ಗಿಡ್ಡವಿದ್ದರೆ ತೊಂದರೆ ಬೇಗ ಶುರು.

ಜಿಮ್ನಿಯಂತೆ ಮುಂದೆಯೂ ಎರಡು ಚಕ್ರವನ್ನು ಸೇರಿಸುವ ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಲಿಫ್ಟ್‌ನಿಂದ ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಬಾಗಿರುವ ಕೋನ) ತಗ್ಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಗುತ್ತದೆ. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡಕ್ಕೂ ಸರಿಪಡಿಸುವ ಪಾರ್ಟ್ ಸಿಗುತ್ತವೆ, ಕ್ಯಾಸ್ಟರ್ ಬುಷ್ ಮತ್ತು ಉದ್ದ ಹೊಂದಿಸಬಹುದಾದ ರಾಡ್. ಒಂದು ಇಂಚಿನ ಒಳಗಿದ್ದರೆ ಇವಿಲ್ಲದೆ ನಡೆಯಬಹುದು, ಎರಡಾದರೆ ಬೇಕು. ನನ್ನ ಮಟ್ಟಿಗೆ ತುಮಕೂರು ಸೀಮೆಗೆ ಒಂದು ಸೈಜ್ ದೊಡ್ಡ ಟೈರ್, ಹೊಟ್ಟೆಗೊಂದು ಸ್ಕಿಡ್ ಪ್ಲೇಟ್ (ಪೆಟ್ಟು ತಡೆಯುವ ಲೋಹದ ತಗಡು), ಒಂದೂವರೆ ಇಂಚಿನೊಳಗಿನ ಲಿಫ್ಟ್ ಧಾರಾಳ.

ಹೆಚ್ಚು ಏರಿಸಿದರೆ ವಾಲುವ ಭಯವೂ ಇದೆ. ಚಕ್ರಗಳ ನಡುವೆ 1400 ಮಿ.ಮೀ. ಅಗಲ, ಭಾರದ ಕೇಂದ್ರ 700 ಮಿ.ಮೀ. ಎತ್ತರದಲ್ಲಿರುವ ಗಾಡಿ ಲೆಕ್ಕದ ಪ್ರಕಾರ 45 ಡಿಗ್ರಿ ಓರೆಯಲ್ಲಿ ಮಗುಚುತ್ತದೆ. ಕೇಂದ್ರ 50 ಮಿ.ಮೀ. ಏರಿದರೆ ಅದು 43ಕ್ಕೆ ಇಳಿಯುತ್ತದೆ. ಇದು ನಿಂತ ಗಾಡಿಯ ಲೆಕ್ಕ. ಓಡುವಾಗ ಸ್ಪ್ರಿಂಗ್ ಒಂದು ಪಕ್ಕ ಕುಗ್ಗಿ ಇನ್ನಷ್ಟು ಕಳೆಯುತ್ತದೆ.

ಕಾನೂನು ಕೂಡ ಸಡಿಲವಿಲ್ಲ. ಆರ್‌ಸಿ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಗ್ಯಾರೇಜಿನಲ್ಲಿ ಫಿಟ್ ಮಾಡಿಸುವಾಗ ಪಕ್ಕದಲ್ಲೇ ನಿಂತು ಒಂದು ವಿಷಯ ಗಮನಿಸಿ. ಗಾಡಿ ಜಾಕ್ ಮೇಲೆ ಇರುವಾಗಲೇ ಆಕ್ಸಲನ್ನು ಚಾಸಿಗೆ ಸೇರಿಸುವ ಆರ್ಮ್‌ಗಳ ಬುಷ್ ಬೋಲ್ಟ್ ಪೂರ್ತಿ ಬಿಗಿಯಲು ಬಿಡಬೇಡಿ. ಹಾಗೆ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಳ್ಳುತ್ತದೆ. ಹಗಲು ರಾತ್ರಿ ಹಾಗೇ ಇದ್ದು ಬೇಗ ಹರಿಯುತ್ತದೆ. ನಾಲ್ಕೂ ಚಕ್ರ ನೆಲದ ಮೇಲೆ ನಿಂತು ಭಾರ ಬಿದ್ದ ಮೇಲೆ ಕೊನೆಯ ಸುತ್ತು ಬಿಗಿಸಿ, ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ.